ಯಾರು ಬದಲಿಸಿದರು, ಯಾವಾಗ, ಏಕೆ? ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳ ಕೈಗೆ ಗಿಟ್ ಬರಲಿ

2022ರ ಡಿಸೆಂಬರ್‌ನಲ್ಲಿ ಆಳಂದ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆದುಹಾಕಿ ಎಂದು ಕೋರಿ 6,018 ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದವು. ಒಂದೇ ಕ್ಷೇತ್ರಕ್ಕೆ ಇಷ್ಟೊಂದು ಅರ್ಜಿ ಬಂದದ್ದು ಅಧಿಕಾರಿಗಳಲ್ಲಿ ಅನುಮಾನ ಹುಟ್ಟಿಸಿತು. ಪರಿಶೀಲಿಸಿದಾಗ ಸರಿ ಇದ್ದವು 24 ಮಾತ್ರ. ಉಳಿದ 5,994 ಅರ್ಜಿಗಳನ್ನು ತಿರಸ್ಕರಿಸಲಾಯಿತು ಎಂದು ಚುನಾವಣಾ ಆಯೋಗವೇ ಹೇಳಿದೆ. 2023ರ ಫೆಬ್ರುವರಿಯಲ್ಲಿ ಆಳಂದ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು.

ರಾಜಕೀಯದ ವಾದ–ಪ್ರತಿವಾದವನ್ನು ಬದಿಗಿಟ್ಟು ನೋಡಿದರೆ ಇಲ್ಲಿ ಎದ್ದಿರುವ ಪ್ರಶ್ನೆಗಳು ನಾಲ್ಕು. ಬದಲಾವಣೆ ಕೇಳಿದವರು ಯಾರು? ಯಾವಾಗ ಕೇಳಿದರು? ಏನು ಕಾರಣ ಕೊಟ್ಟರು? ಒಪ್ಪುವ ಮೊದಲು ಅದನ್ನು ಕಣ್ಣಾರೆ ಪರಿಶೀಲಿಸಿದವರು ಯಾರು? ನಾಲ್ಕನೆಯ ಪ್ರಶ್ನೆಗೆ ಉತ್ತರ ಇದ್ದದ್ದರಿಂದಲೇ ಸಾವಿರಾರು ಹೆಸರುಗಳು ಪಟ್ಟಿಯಲ್ಲಿ ಉಳಿದವು. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗದ್ದರಿಂದಲೇ ತನಿಖೆ ವರ್ಷಗಟ್ಟಲೆ ಎಳೆಯಿತು.

ನಾಲ್ಕು ಜನ ಸೇರಿ ಕಾಪಾಡಬೇಕಾದ ಯಾವುದೇ ದಾಖಲೆಗೂ ಇವೇ ಪ್ರಶ್ನೆಗಳು ಎದುರಾಗುತ್ತವೆ. ಸಾಫ್ಟ್‌ವೇರ್ ಬರೆಯುವವರು ಅರ್ಧ ಶತಮಾನದಿಂದ ಇವುಗಳ ಜೊತೆ ಗುದ್ದಾಡಿ ಒಂದು ವಿದ್ಯೆಯನ್ನು ಬೆಳೆಸಿದ್ದಾರೆ. ಅದರ ಹೆಸರು ವರ್ಷನ್ ಕಂಟ್ರೋಲ್. ಇಂದು ಜಗತ್ತಿನಾದ್ಯಂತ ಅದಕ್ಕೆ ಬಳಕೆಯಾಗುವ ಮುಖ್ಯ ಸಲಕರಣೆ ಗಿಟ್. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಿಂದ ಕಂಪ್ಯೂಟರ್ ಓದಲು ಹೊರಡುವ ಪ್ರತಿ ವಿದ್ಯಾರ್ಥಿಗೂ ಮೊದಲ ಸೆಮಿಸ್ಟರ್‌ನಲ್ಲೇ ಇದು ಕೈಗೆ ಹತ್ತಬೇಕು ಎಂಬುದು ಈ ಲೇಖನದ ಒತ್ತಾಯ. ಕೆಲಸ ಸಿಗುವುದಕ್ಕೆ ಅದು ಬೇಕು ಎನ್ನುವುದು ಒಂದು ಕಾರಣ. ನೆಟ್‌ವರ್ಕ್ ಕೈಕೊಡುವ, ಕರೆಂಟ್ ಹೋಗುವ ಊರುಗಳಿಗೆ ಹೇಳಿ ಮಾಡಿಸಿದಂಥ ಸಲಕರಣೆ ಅದು ಎನ್ನುವುದು ಇನ್ನೂ ದೊಡ್ಡ ಕಾರಣ.

ಉತಾರ ಗೊತ್ತಿದ್ದವರಿಗೆ ಇದು ಹೊಸದಲ್ಲ

ಈ ಭಾಗದ ಯಾವ ರೈತರ ಮನೆಗೆ ಹೋದರೂ ಉತಾರದ, ಅಂದರೆ ಪಹಣಿಯ, ಬಗ್ಗೆ ಗೊತ್ತಿರದವರು ಇಲ್ಲ. ಪಹಣಿಯ 9ನೇ ಕಾಲಂನಲ್ಲಿ ಹೊಲ ಯಾರ ಹೆಸರಿನಲ್ಲಿದೆ ಎಂದಿರುತ್ತದೆ. ಆ ಹೆಸರು ಅಲ್ಲಿಗೆ ಹೇಗೆ ಬಂತು ಎನ್ನುವುದಕ್ಕೆ 10ನೇ ಕಾಲಂನಲ್ಲಿ ಮ್ಯುಟೇಶನ್ ನಂಬರ್ ಇರುತ್ತದೆ. ಖರೀದಿಯೋ, ಪೌತಿಯೋ, ಪಾಲುಪಟ್ಟಿಯೋ ಎಂಬುದು ಆ ನಂಬರ್ ಹಿಡಿದು ಹೋದರೆ ತಿಳಿಯುತ್ತದೆ. ಹಳೆಯ ಹೆಸರನ್ನು ಅಳಿಸಿ ಹೊಸ ಹೆಸರು ಬರೆದುಬಿಟ್ಟರೆ ಉತಾರಕ್ಕೆ ಬೆಲೆ ಇಲ್ಲ. ತಂದೆಯ ಹೆಸರಿನಿಂದ ಮಗನ ಹೆಸರಿಗೆ ಬಂದ ದಾರಿ ಕಾಣಿಸಬೇಕು. ನಡುವೆ ತಕರಾರು ಎತ್ತಲು ಅವಕಾಶ ಇರಬೇಕು.

ರಾಜ್ಯ ಸರ್ಕಾರ ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿದಾಗ ಮುಖ್ಯವಾಗಿ ಕೈಹಾಕಿದ್ದು ಈ ವಿಷಯಕ್ಕೇ. ತಿದ್ದುಪಡಿ ಮಾಡುವ ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು ಎಂಬ ವ್ಯವಸ್ಥೆ ಬಂತು. ಯಾರು ಏನು ಬದಲಿಸಿದರು ಎಂಬುದು ದಾಖಲಾಗತೊಡಗಿತು.

ಗಿಟ್ ಮಾಡುವುದೂ ಇದನ್ನೇ. ಒಂದು ಸಾಫ್ಟ್‌ವೇರ್‌ನ ಕಡತಗಳೆಲ್ಲ ಇಂದು ಹೇಗಿವೆ ಎಂಬುದು ಉತಾರವಾದರೆ, ಅವು ಹೀಗೆ ಆದದ್ದು ಹೇಗೆ ಎಂಬ ಸಾಲು ಸಾಲು ದಾಖಲೆ ಮ್ಯುಟೇಶನ್ ರಿಜಿಸ್ಟರ್. ಗಿಟ್‌ನಲ್ಲಿ ಅಂಥ ಒಂದೊಂದು ನಮೂದನ್ನು ಕಮಿಟ್ ಎನ್ನುತ್ತಾರೆ. ಬದಲಿಸಿದವರ ಹೆಸರು, ದಿನಾಂಕ, ಸಮಯ, ಕಾರಣ, ಬದಲಾದ ನಂತರದ ಕಡತಗಳ ರೂಪ, ಇದಕ್ಕಿಂತ ಹಿಂದಿನ ಕಮಿಟ್ ಯಾವುದು ಎಂಬ ಸೂಚನೆ, ಇಷ್ಟೂ ಅದರಲ್ಲಿ ಇರುತ್ತವೆ. ಇಡೀ ಕಮಿಟ್‌ನಿಂದ ಲೆಕ್ಕ ಹಾಕಿ ತೆಗೆದ 40 ಅಕ್ಷರದ ಗುರುತಿನ ಸಂಖ್ಯೆ ಅದಕ್ಕೆ ಅಂಟಿಕೊಳ್ಳುತ್ತದೆ. ಹಿಂದಿನ ಯಾವುದೋ ಕಮಿಟ್‌ನಲ್ಲಿ ಒಂದು ಅಲ್ಪವಿರಾಮ ಬದಲಿಸಿದರೂ ಅದರ ಗುರುತು ಬದಲಾಗುತ್ತದೆ, ಅದರ ನಂತರದ ಎಲ್ಲ ಕಮಿಟ್‌ಗಳ ಗುರುತೂ ಬದಲಾಗುತ್ತದೆ. ಕದ್ದು ತಿದ್ದಿದರೆ ಉಳಿದವರ ಬಳಿ ಇರುವ ಪ್ರತಿಯ ಜೊತೆ ತಾಳೆಯಾಗದೆ ಸಿಕ್ಕಿಬೀಳುತ್ತದೆ.

2005ರ ಏಪ್ರಿಲ್‌ನ ಬಿಕ್ಕಟ್ಟು

ವರ್ಷನ್ ಕಂಟ್ರೋಲ್ ವಿದ್ಯೆಯ ಮೊದಲ ಹೆಜ್ಜೆ ಬಿದ್ದದ್ದು 1972ರಲ್ಲಿ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ಎಸ್‌ಸಿಸಿಎಸ್ ಎಂಬ ಸಲಕರಣೆ ಬರೆದರು. ಆಮೇಲೆ ಆರ್‌ಸಿಎಸ್, ಸಿವಿಎಸ್ ಬಂದವು. 2000ದಲ್ಲಿ ಸಬ್‌ವರ್ಷನ್ ಶುರುವಾಯಿತು. ಸಿವಿಎಸ್ ಮತ್ತು ಸಬ್‌ವರ್ಷನ್‌ಗಳಲ್ಲಿ ಇತಿಹಾಸವೆಲ್ಲ ಒಂದು ಕೇಂದ್ರ ಸರ್ವರ್‌ನಲ್ಲಿ ಕೂತಿರುತ್ತಿತ್ತು. ಸರ್ವರ್ ಸಿಗದಿದ್ದರೆ ಹೊಸ ನಮೂದು ಸೇರಿಸುವ ಹಾಗಿಲ್ಲ, ಹಳೆಯದನ್ನು ಕೆದಕಿ ನೋಡುವ ಹಾಗೂ ಇಲ್ಲ.

ಸಾವಿರಾರು ಜನ ಜಗತ್ತಿನ ಮೂಲೆ ಮೂಲೆಯಿಂದ ಬರೆಯುವ ಲಿನಕ್ಸ್ ಕರ್ನೆಲ್‌ಗೆ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಅದು ಸಾಲುತ್ತಿರಲಿಲ್ಲ. 2002ರಿಂದ ಆ ತಂಡ ಬಿಟ್‌ಕೀಪರ್ ಎಂಬ ಖಾಸಗಿ ಸಲಕರಣೆಯನ್ನು ಉಚಿತವಾಗಿ ಬಳಸುತ್ತಿತ್ತು. 2005ರಲ್ಲಿ ವಿವಾದವೆದ್ದು ಆ ಉಚಿತ ಸೌಲಭ್ಯ ನಿಂತಿತು. ಲಿನಕ್ಸ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ ಏಪ್ರಿಲ್ 3ರಂದು ತಾವೇ ಒಂದನ್ನು ಬರೆಯಲು ಕೂತರು. ಏಪ್ರಿಲ್ 7ರ ಹೊತ್ತಿಗೆ ಗಿಟ್‌ನ ಸ್ವಂತ ಕೋಡ್ ಗಿಟ್‌ನಲ್ಲೇ ದಾಖಲಾಗುವ ಮಟ್ಟಕ್ಕೆ ಬಂದಿತ್ತು. ಅದೇ ವರ್ಷದ ಜುಲೈನಲ್ಲಿ ಅವರು ಅದರ ಉಸ್ತುವಾರಿಯನ್ನು ಜುನಿಯೊ ಹಮಾನೊ ಅವರಿಗೆ ಒಪ್ಪಿಸಿದರು. ಆಮೇಲಿನ ಎರಡು ದಶಕ ಅದನ್ನು ಪೊರೆದವರು ಹಮಾನೊ. 2008ರಲ್ಲಿ ಗಿಟ್ ಯೋಜನೆಗಳನ್ನು ಇಂಟರ್‌ನೆಟ್‌ನಲ್ಲಿ ಹಂಚಿಕೊಳ್ಳುವ ತಾಣ ಗಿಟ್‌ಹಬ್ ಬಂದ ಮೇಲೆ ಗಿಟ್ ವಿದ್ಯಾರ್ಥಿಗಳ ತನಕ ತಲುಪಿತು.

ಟೋರ್ವಾಲ್ಡ್ಸ್ ಹಿಡಿದ ಒಂದು ಪಟ್ಟು ಇಲ್ಲಿ ಬಹಳ ಮುಖ್ಯ: ಇತಿಹಾಸ ಒಂದೇ ಕಡೆ ಇರಬಾರದು, ಪ್ರತಿಯೊಬ್ಬರ ಕಂಪ್ಯೂಟರ್‌ನಲ್ಲೂ ಪೂರ್ತಿ ಇರಬೇಕು. ನಮ್ಮ ತಾಲ್ಲೂಕುಗಳಿಗೆ ಇದರಿಂದ ಏನು ಲಾಭ ಎಂಬುದನ್ನು ಮುಂದೆ ನೋಡೋಣ. ಮೊದಲು ಕೆಲಸ ಹೇಗೆ ನಡೆಯುತ್ತದೆ ತಿಳಿಯೋಣ.

ತೊಗರಿ ಲೆಕ್ಕದ ಒಂದು ಪ್ರೋಗ್ರಾಂ

ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಉದಾಹರಣೆಗೆ ಅದನ್ನೇ ಇಟ್ಟುಕೊಳ್ಳೋಣ. ವಿದ್ಯಾರ್ಥಿನಿಯೊಬ್ಬಳು ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆಯುತ್ತಾಳೆ: ತೂಕ ಕೊಟ್ಟರೆ, ಅಂದಿನ ದರ ಕೊಟ್ಟರೆ, ಕೈಗೆ ಬರಬೇಕಾದ ಮೊತ್ತ ಹೇಳಬೇಕು.

ಫೋಲ್ಡರ್ ಮಾಡಿ ಅದರೊಳಗೆ ‘ಗಿಟ್ ಇನಿಟ್’ ಎಂದು ಟೈಪ್ ಮಾಡಿದರೆ ಆ ಫೋಲ್ಡರ್ ಗಿಟ್‌ನ ಸುಪರ್ದಿಗೆ ಬರುತ್ತದೆ, ಅದನ್ನು ರೆಪಾಸಿಟರಿ ಎನ್ನುತ್ತಾರೆ. ಕೋಡ್ ಬರೆದ ಮೇಲೆ ‘ಗಿಟ್ ಸ್ಟೇಟಸ್’ ಕೊಟ್ಟರೆ ಯಾವ ಕಡತ ಹೊಸದು, ಯಾವುದು ಬದಲಾಗಿದೆ ಎಂದು ಹೇಳುತ್ತದೆ. ‘ಗಿಟ್ ಆಡ್’ ಎಂದರೆ ಈ ಬದಲಾವಣೆ ಮುಂದಿನ ನಮೂದಿಗೆ ಸೇರಲಿ ಎಂದು ಆರಿಸುವುದು. ‘ಗಿಟ್ ಕಮಿಟ್’ ಎಂದರೆ ಆರಿಸಿದ್ದನ್ನು ಕಾರಣ ಸಮೇತ ದಾಖಲಿಸುವುದು. ಆರಿಸುವುದು ಬೇರೆ, ದಾಖಲಿಸುವುದು ಬೇರೆ ಎಂಬ ಈ ಎರಡು ಹೆಜ್ಜೆ ಹೊಸಬರಿಗೆ ರಗಳೆ ಅನ್ನಿಸುತ್ತದೆ. ಆದರೆ ಒಂದೇ ದಿನ ಐದು ಕಡತ ತಿದ್ದಿದ್ದರೂ ಒಂದು ಉದ್ದೇಶಕ್ಕೆ ಸೇರಿದ ಎರಡನ್ನು ಮಾತ್ರ ಒಂದು ಕಮಿಟ್‌ಗೆ ಹಾಕಲು ಸಾಧ್ಯವಾಗುವುದು ಇದರಿಂದಲೇ.

ಪ್ರೋಗ್ರಾಂ ಓಡಿಸಿದಾಗ ಮೊತ್ತ ವಿಪರೀತ ಬರುತ್ತದೆ. ಮಾರುಕಟ್ಟೆಯ ದರ ಇರುವುದು ಕ್ವಿಂಟಲ್‌ಗೆ, ಆಕೆ ತೂಕ ಕೊಟ್ಟಿರುವುದು ಕೆ.ಜಿ.ಯಲ್ಲಿ. ನೂರರಿಂದ ಭಾಗಿಸುವುದು ಬಿಟ್ಟುಹೋಗಿದೆ. ಆ ಸಾಲು ತಿದ್ದಿ ‘ಗಿಟ್ ಡಿಫ್’ ಕೊಟ್ಟರೆ ತೆರೆಯ ಮೇಲೆ ಎರಡು ಸಾಲು ಎದ್ದು ಕಾಣುತ್ತವೆ. ಮೈನಸ್ ಚಿಹ್ನೆಯ ಮುಂದೆ ಹಳೆಯದು: ಮೊತ್ತ = ತೂಕ × ದರ. ಪ್ಲಸ್ ಚಿಹ್ನೆಯ ಮುಂದೆ ಹೊಸದು: ಮೊತ್ತ = ತೂಕ × ದರ ÷ 100. ಇಡೀ ಕಡತ ಓದುವ ಅಗತ್ಯವಿಲ್ಲ, ಬದಲಾದದ್ದು ಇಷ್ಟೇ ಎಂದು ಯಾರಿಗಾದರೂ ಒಂದೇ ನೋಟಕ್ಕೆ ತಿಳಿಯುತ್ತದೆ.

ಈಗ ಕಮಿಟ್‌ಗೆ ಕಾರಣ ಬರೆಯಬೇಕು. ಬಹಳಷ್ಟು ಮಂದಿ ‘ಅಪ್‌ಡೇಟ್’, ‘ಚೇಂಜಸ್’, ‘ಫೈನಲ್’ ಎಂದು ಬರೆದು ಮುಗಿಸುತ್ತಾರೆ. ಆರು ತಿಂಗಳ ನಂತರ ಅದನ್ನು ಬರೆದವರಿಗೇ ಅದರಿಂದ ಏನೂ ತಿಳಿಯುವುದಿಲ್ಲ. ‘ದರ ಕ್ವಿಂಟಲ್‌ಗೆ, ತೂಕ ಕೆ.ಜಿ.ಯಲ್ಲಿ ಇದ್ದದ್ದರಿಂದ ಮೊತ್ತ ನೂರು ಪಟ್ಟು ಬರುತ್ತಿತ್ತು. ನೂರರಿಂದ ಭಾಗಿಸಿದೆ’ ಎಂದು ಬರೆದರೆ ಅದು ದಾಖಲೆ. ಏನು ಬದಲಾಯಿತು ಎಂಬುದನ್ನು ಡಿಫ್ ಹೇಳುತ್ತದೆ, ಏಕೆ ಬದಲಾಯಿತು ಎಂಬುದನ್ನು ಬರೆದವರೇ ಹೇಳಬೇಕು. ಇದನ್ನು ಕನ್ನಡದಲ್ಲಿ ಬರೆದರೂ ಗಿಟ್ ಯಾವ ತಕರಾರೂ ಇಲ್ಲದೆ ಉಳಿಸಿಕೊಳ್ಳುತ್ತದೆ.

ಮುಂದೆ ‘ಗಿಟ್ ಲಾಗ್’ ಕೊಟ್ಟರೆ ಇಡೀ ಇತಿಹಾಸ ಹೊಸದರಿಂದ ಹಳೆಯದರ ಕಡೆಗೆ ಬಿಚ್ಚಿಕೊಳ್ಳುತ್ತದೆ. ‘ಗಿಟ್ ಬ್ಲೇಮ್’ ಕೊಟ್ಟರೆ ಒಂದು ಕಡತದ ಪ್ರತಿ ಸಾಲಿನ ಪಕ್ಕ ಅದನ್ನು ಕೊನೆಯ ಸಲ ಬದಲಿಸಿದವರ ಹೆಸರು, ದಿನಾಂಕ ಬರುತ್ತದೆ. ಇವೆರಡಕ್ಕಿಂತ ಸೊಗಸಾದದ್ದು ‘ಗಿಟ್ ಬೈಸೆಕ್ಟ್’. ಕಳೆದ ತಿಂಗಳು ಸರಿ ಇದ್ದದ್ದು ಇಂದು ಕೆಟ್ಟಿದೆ, ನಡುವೆ ಸಾವಿರ ಕಮಿಟ್ ಆಗಿವೆ ಎಂದುಕೊಳ್ಳಿ. ಬೈಸೆಕ್ಟ್ ನಡುವಿನದನ್ನು ತೆರೆದಿಟ್ಟು ‘ಇದು ಸರಿ ಇದೆಯೇ, ಕೆಟ್ಟಿದೆಯೇ’ ಎಂದು ಕೇಳುತ್ತದೆ. ಉತ್ತರ ನೋಡಿ ಅರ್ಧ ಭಾಗವನ್ನು ಪಕ್ಕಕ್ಕೆ ಸರಿಸುತ್ತದೆ. ಹತ್ತು ಸಲ ಕೇಳುವಷ್ಟರಲ್ಲಿ ಸಾವಿರದಲ್ಲಿ ಕೆಡಿಸಿದ ಒಂದು ಕಮಿಟ್ ಕೈಗೆ ಸಿಗುತ್ತದೆ. ಕಮಿಟ್‌ಗಳು ಸಣ್ಣದಾಗಿ, ಒಂದೊಂದು ಉದ್ದೇಶಕ್ಕೆ ಒಂದರಂತೆ ಇದ್ದರೆ ಮಾತ್ರ ಹೀಗೆ ಸಿಕ್ಕಿದ್ದು ಉಪಯೋಗಕ್ಕೆ ಬರುತ್ತದೆ.

ಹಿಂದಕ್ಕೆ ಹೋಗುವ ದಾರಿಗಳು

ವಿದ್ಯಾರ್ಥಿಗಳು ಹೆದರುವುದು ಇಲ್ಲಿ. ಗಿಟ್‌ನಲ್ಲಿ ಹಿಂದಕ್ಕೆ ಹೋಗಲು ಹಲವು ದಾರಿಗಳಿವೆ, ಅವುಗಳ ನಡುವಿನ ವ್ಯತ್ಯಾಸ ತಿಳಿದಿರಬೇಕು. ಇನ್ನೂ ಕಮಿಟ್ ಮಾಡದ ತಿದ್ದುಪಡಿ ಬೇಡವಾದರೆ ‘ಗಿಟ್ ರಿಸ್ಟೋರ್’ ಸಾಕು. 2019ರಿಂದ ಈ ಕಮಾಂಡ್ ಇದೆ. ಕಮಿಟ್ ಆಗಿ ಬೇರೆಯವರಿಗೂ ತಲುಪಿರುವ ಬದಲಾವಣೆಯನ್ನು ರದ್ದು ಮಾಡಲು ‘ಗಿಟ್ ರಿವರ್ಟ್’ ಬಳಸಬೇಕು. ಅದು ಹಳೆಯ ನಮೂದನ್ನು ಅಳಿಸದೆ, ಅದಕ್ಕೆ ವಿರುದ್ಧವಾದ ಹೊಸ ನಮೂದು ಸೇರಿಸುತ್ತದೆ. ತಪ್ಪೂ ಉಳಿಯುತ್ತದೆ, ತಿದ್ದಿದ್ದೂ ಉಳಿಯುತ್ತದೆ. ನಾಲ್ಕು ಜನ ಸೇರಿ ಮಾಡುವ ಕೆಲಸದಲ್ಲಿ ಇದೇ ಸರಿಯಾದ ಕ್ರಮ.

‘ಗಿಟ್ ರೀಸೆಟ್’ಗೆ ‘ಹಾರ್ಡ್’ ಸೇರಿಸಿ ಕೊಟ್ಟರೆ ಕಮಿಟ್ ಮಾಡದೆ ಇಟ್ಟಿದ್ದ ತಿದ್ದುಪಡಿಗಳು ಹೋಗಿಯೇ ಹೋಗುತ್ತವೆ. ಅದನ್ನು ಗಿಟ್ ಮರಳಿ ಕೊಡಲಾರದು. ಆದರೆ ಒಮ್ಮೆ ಕಮಿಟ್ ಆದದ್ದು ಕಣ್ಣಿಗೆ ಕಾಣದಂತಾದರೂ ಅಷ್ಟು ಬೇಗ ಸಾಯುವುದಿಲ್ಲ. ‘ಗಿಟ್ ರೆಫ್‌ಲಾಗ್’ ಎಂಬ ಕಮಾಂಡ್ ಈ ಕಂಪ್ಯೂಟರ್‌ನಲ್ಲಿ ನೀವು ನಿಂತುಹೋದ ಜಾಗಗಳನ್ನೆಲ್ಲ ತೋರಿಸುತ್ತದೆ. ಕಳೆದುಹೋಯಿತು ಎಂದುಕೊಂಡ ಕಮಿಟ್ ಸಾಮಾನ್ಯವಾಗಿ 30 ದಿನಗಳವರೆಗಾದರೂ ಅಲ್ಲಿಂದ ಸಿಗುತ್ತದೆ. ಆದ್ದರಿಂದ ಮೊದಲ ಪಾಠ ಒಂದೇ: ಬೇಗ ಬೇಗ ಕಮಿಟ್ ಮಾಡಿ.

ಇತಿಹಾಸ ಅಳಿಯುವುದಿಲ್ಲ ಎನ್ನುವುದರಲ್ಲಿ ಅಪಾಯವೂ ಇದೆ. ಪಾಸ್‌ವರ್ಡ್, ಯಾರದೋ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಇಂಥವು ಒಮ್ಮೆ ಕಮಿಟ್ ಆಗಿ ಸಾರ್ವಜನಿಕ ರೆಪಾಸಿಟರಿಗೆ ಹೋದರೆ ಮುಂದಿನ ಕಮಿಟ್‌ನಲ್ಲಿ ತೆಗೆದರೂ ಹಿಂದಿನದರಲ್ಲಿ ಇದ್ದೇ ಇರುತ್ತವೆ. ಪಾಸ್‌ವರ್ಡ್ ತಕ್ಷಣ ಬದಲಿಸುವುದೊಂದೇ ದಾರಿ. ಅಂಥ ಕಡತಗಳ ಹೆಸರನ್ನು ‘ಡಾಟ್ ಗಿಟ್‌ಇಗ್ನೋರ್’ ಕಡತದಲ್ಲಿ ಮೊದಲೇ ಬರೆದಿಡುವ ಅಭ್ಯಾಸ ಬೇಕು.

ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಗಿಟ್ ಅನ್ನು ಮೊದಲ ಸಲ ಬಳಸುವಾಗ ನಿಮ್ಮ ಹೆಸರು, ಇಮೇಲ್ ಕೇಳುತ್ತದೆ. ಅಲ್ಲಿ ಯಾರು ಯಾರ ಹೆಸರನ್ನು ಬೇಕಾದರೂ ಬರೆಯಬಹುದು, ಗಿಟ್ ತಾನಾಗಿ ಅದನ್ನು ಪರೀಕ್ಷಿಸುವುದಿಲ್ಲ. ಗಂಭೀರವಾದ ಯೋಜನೆಗಳು ಇದಕ್ಕಾಗಿಯೇ ಪ್ರತಿ ಕಮಿಟ್‌ಗೂ ಡಿಜಿಟಲ್ ಸಹಿ ಇರಬೇಕು ಎನ್ನುತ್ತವೆ. ಹೆಸರು ಇದ್ದರೆ ಸಾಲದು, ಆ ಹೆಸರಿನವರೇ ಬರೆದದ್ದು ಎಂಬುದಕ್ಕೆ ಪುರಾವೆ ಬೇಕು.

ಒಪ್ಪುವ ಮೊದಲು ಓದುವುದು

ಒಂದೇ ಪ್ರಾಜೆಕ್ಟ್‌ಗೆ ನಾಲ್ವರು ಸೇರಿದಾಗ ಪ್ರತಿಯೊಬ್ಬರೂ ತಮ್ಮ ಕೆಲಸಕ್ಕೆ ಪ್ರತ್ಯೇಕ ಬ್ರಾಂಚ್, ಅಂದರೆ ಕವಲು, ಮಾಡಿಕೊಳ್ಳುತ್ತಾರೆ. ‘ಗಿಟ್ ಸ್ವಿಚ್’ ಅದಕ್ಕೆ ಬೇಕಾದ ಕಮಾಂಡ್. ಒಬ್ಬರು ದರ ತರುವ ಭಾಗ ಬರೆಯುತ್ತಿರುವಾಗ ಇನ್ನೊಬ್ಬರು ರಸೀದಿ ಮುದ್ರಿಸುವ ಭಾಗ ಬರೆಯಬಹುದು, ಒಬ್ಬರದು ಇನ್ನೊಬ್ಬರಿಗೆ ಅಡ್ಡ ಬರುವುದಿಲ್ಲ. ಮುಗಿದ ಮೇಲೆ ‘ಗಿಟ್ ಮರ್ಜ್’ ಮಾಡಿ ಮುಖ್ಯ ಬ್ರಾಂಚ್‌ಗೆ ಸೇರಿಸುತ್ತಾರೆ. ಇಬ್ಬರೂ ಒಂದೇ ಸಾಲನ್ನು ಬೇರೆ ಬೇರೆ ರೀತಿ ತಿದ್ದಿದ್ದರೆ ಗಿಟ್ ತಾನಾಗಿ ತೀರ್ಮಾನ ಕೊಡದೆ ಎರಡನ್ನೂ ಮುಂದಿಟ್ಟು ನಿಲ್ಲುತ್ತದೆ. ‘ಕಾನ್‌ಫ್ಲಿಕ್ಟ್ ಬಂತು’ ಎಂದು ಹುಡುಗರು ಗಾಬರಿಯಾಗುವುದು ಆಗಲೇ. ಗಾಬರಿಗೆ ಕಾರಣವಿಲ್ಲ. ಇಬ್ಬರೂ ಅಕ್ಕಪಕ್ಕ ಕೂತು ಯಾವುದು ಸರಿ ಎಂದು ಮಾತಾಡಿ ತೀರ್ಮಾನಿಸಬೇಕಾದ ಜಾಗ ಅದು.

ಗಿಟ್‌ಹಬ್‌ನಂಥ ತಾಣಗಳಲ್ಲಿ ಸೇರಿಸುವ ಮುನ್ನ ‘ಪುಲ್ ರಿಕ್ವೆಸ್ಟ್’ (ಪಿ.ಆರ್.) ಹಾಕುವ ಪದ್ಧತಿ ಇದೆ. ನನ್ನ ಬದಲಾವಣೆ ಇದು, ನೋಡಿ ಒಪ್ಪಿಕೊಳ್ಳಿ ಎಂಬ ಕೋರಿಕೆ ಅದು. ಇನ್ನೊಬ್ಬರು ಸಾಲು ಸಾಲಾಗಿ ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ, ತಿದ್ದಲು ಹೇಳುತ್ತಾರೆ, ಆಮೇಲೆ ಸೇರಿಸುತ್ತಾರೆ. ಬದಲಾವಣೆ ಕೇಳುವುದಕ್ಕೆ ಎಲ್ಲರಿಗೂ ಹಕ್ಕಿದೆ, ಆದರೆ ಇನ್ನೊಂದು ಜೊತೆ ಕಣ್ಣು ನೋಡದೆ ಅದು ಮೂಲಕ್ಕೆ ಸೇರುವುದಿಲ್ಲ. ಸಾಫ್ಟ್‌ವೇರ್ ಲೋಕ ಕಲಿಸುವ ಅತ್ಯಂತ ಒಳ್ಳೆಯ ಸಂಸ್ಕಾರ ಇದು ಎಂದು ನಾನು ನಂಬಿದ್ದೇನೆ.

ನೆಟ್‌ವರ್ಕ್ ಇಲ್ಲದ ದಿನ

2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಬಂದಾಗ ಅಫಜಲಪುರ, ಜೇವರ್ಗಿ ತಾಲ್ಲೂಕಿನ ನದಿ ತೀರದ ಹಳ್ಳಿಗಳು ನೀರಿನಲ್ಲಿ ನಿಂತಿದ್ದವು. ಅಂಥ ದೊಡ್ಡ ಆಪತ್ತು ಬೇಡ, ಮಳೆಗಾಲದ ಒಂದು ಸಂಜೆಯ ಗಾಳಿಗೆ ಕರೆಂಟ್ ಹೋಗಿ ಮೊಬೈಲ್ ಸಿಗ್ನಲ್ ಬಿದ್ದುಹೋಗುವುದು ಹಳ್ಳಿಯಲ್ಲಿರುವ ಎಲ್ಲರಿಗೂ ಗೊತ್ತು. ಇಂಟರ್‌ನೆಟ್ ಇದ್ದರೆ ಮಾತ್ರ ಕೆಲಸ ಎನ್ನುವ ಸಲಕರಣೆಗಳಿಂದ ಇಂಥ ಊರಿನ ಮಕ್ಕಳಿಗೆ ನ್ಯಾಯ ಸಿಗುವುದಿಲ್ಲ.

ಗಿಟ್ ಹಾಗಲ್ಲ. ‘ಗಿಟ್ ಕ್ಲೋನ್’ ಮಾಡಿಕೊಂಡ ಕ್ಷಣದಿಂದ ಯೋಜನೆಯ ಪೂರ್ತಿ ಇತಿಹಾಸ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರುತ್ತದೆ. ಕಮಿಟ್, ಲಾಗ್, ಡಿಫ್, ಬ್ಲೇಮ್, ಬ್ರಾಂಚ್, ಮರ್ಜ್, ಬೈಸೆಕ್ಟ್ ಯಾವುದಕ್ಕೂ ಇಂಟರ್‌ನೆಟ್ ಬೇಡ. ಹಳ್ಳಿಯ ಮನೆಯಲ್ಲಿ ಕೂತು ವಾರವಿಡೀ ಕಮಿಟ್ ಮಾಡುತ್ತ ಹೋಗಿ, ಸೋಮವಾರ ಕಾಲೇಜಿಗೆ ಬಂದಾಗ ‘ಗಿಟ್ ಪುಶ್’ ಮಾಡಿದರೆ ಅಷ್ಟೂ ನಮೂದುಗಳು ಅವುಗಳ ನಿಜವಾದ ದಿನಾಂಕ, ಸಮಯದ ಸಮೇತ ಹೋಗಿ ಸೇರುತ್ತವೆ. ಬೇರೆಯವರು ಮಾಡಿದ್ದನ್ನು ತರಲು ‘ಗಿಟ್ ಫೆಚ್’, ತಂದು ಸೇರಿಸಿಕೊಳ್ಳಲು ‘ಗಿಟ್ ಪುಲ್’. ನೆಟ್‌ವರ್ಕ್ ಬೇಕಾದದ್ದು ಇಂಥ ಕೊಡುಕೊಳ್ಳುವ ಘಳಿಗೆಯಲ್ಲಿ ಮಾತ್ರ.

ಆ ಘಳಿಗೆಯಲ್ಲೂ ಇಂಟರ್‌ನೆಟ್ ಇಲ್ಲದಿದ್ದರೆ? ಅದಕ್ಕೂ ದಾರಿ ಇದೆ, ಹೆಚ್ಚು ಜನರಿಗೆ ಗೊತ್ತಿಲ್ಲ. ‘ಗಿಟ್ ಬಂಡಲ್’ ಎಂಬ ಕಮಾಂಡ್ ಇಡೀ ರೆಪಾಸಿಟರಿಯನ್ನು ಇತಿಹಾಸ ಸಮೇತ ಒಂದೇ ಕಡತವಾಗಿ ಕಟ್ಟಿಕೊಡುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಅಫಜಲಪುರದಿಂದ ಜೇವರ್ಗಿಗೆ ಬಸ್ಸಿನಲ್ಲಿ ಒಯ್ದರೆ ಅಲ್ಲಿನವರು ಅದರಿಂದಲೇ ಕ್ಲೋನ್ ಮಾಡಿಕೊಳ್ಳಬಹುದು. ಮುಂದಿನ ಸಲ ಹೊಸ ಕಮಿಟ್‌ಗಳನ್ನಷ್ಟೇ ಕಟ್ಟಿ ಕಳುಹಿಸಬಹುದು. ಕಾಲೇಜಿನ ಲ್ಯಾಬ್‌ನಲ್ಲಿ ಒಂದು ಹಳೆಯ ಕಂಪ್ಯೂಟರ್‌ನಲ್ಲಿ ‘ಗಿಟ್ ಇನಿಟ್’ಗೆ ‘ಬೇರ್’ ಸೇರಿಸಿ ಕೊಟ್ಟರೆ ಅದೇ ತರಗತಿಯ ಸರ್ವರ್ ಆಗುತ್ತದೆ. ಲ್ಯಾಬ್‌ನ ಒಳಗಿನ ನೆಟ್‌ವರ್ಕ್‌ನಲ್ಲೇ ಎಲ್ಲರೂ ಪುಶ್, ಪುಲ್ ಮಾಡುತ್ತ ಕಲಿಯಬಹುದು. ತಂತ್ರಾಂಶಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಕನ್ನಡ ಕಡತಗಳ ಕಷ್ಟ–ಸುಖ

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಎದುರಾಗುವ ಕೆಲವು ತೊಡಕುಗಳನ್ನು ಇಂಗ್ಲಿಷ್ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಕಡತಕ್ಕೆ ‘ತೊಗರಿ’ ಎಂದು ಹೆಸರಿಟ್ಟು ‘ಗಿಟ್ ಸ್ಟೇಟಸ್’ ಕೊಟ್ಟು ನೋಡಿ. ಹೆಸರಿನ ಬದಲು 340, 262, 244 ಎಂದು ಶುರುವಾಗುವ ಅಂಕಿಗಳ ಸಾಲು ಬರುತ್ತದೆ. ‘ತ’ ಅಕ್ಷರ ಕಂಪ್ಯೂಟರ್‌ನಲ್ಲಿ ಉಳಿಯುವುದು ಮೂರು ಬೈಟ್‌ಗಳಾಗಿ. ಗಿಟ್ ಅವುಗಳ ಸಂಖ್ಯೆಯನ್ನು ಹಾಗೇ ತೋರಿಸುತ್ತಿದೆ. ಗಿಟ್ ಕಾನ್ಫಿಗ್‌ನಲ್ಲಿ ‘ಕೋರ್ ಡಾಟ್ ಕೋಟ್‌ಪಾತ್’ ಎಂಬುದನ್ನು ‘ಫಾಲ್ಸ್’ ಮಾಡಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಒಂದೇ ಸಲ ಮಾಡಿದರೆ ಸಾಕು.

ಇನ್ನೊಂದು ತೊಡಕು ಕಣ್ಣಿಗೆ ಕಾಣುವುದಿಲ್ಲ. ‘ತೊ’ ಬರೆಯುವಾಗ ಒ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎ ಚಿಹ್ನೆ ಮತ್ತು ಊ ಚಿಹ್ನೆಯ ಜೋಡಿಯಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಗಿಟ್‌ಗೆ ಮಾತ್ರ ಅವು ಬೇರೆ ಬೇರೆ. ಬೇರೆ ಬೇರೆ ಕೀಬೋರ್ಡ್, ಬೇರೆ ಬೇರೆ ಪರಿವರ್ತಕಗಳಿಂದ ಬಂದ ಪಠ್ಯ ಸೇರಿದಾಗ ಯಾವ ವ್ಯತ್ಯಾಸವೂ ಕಾಣದ ಸಾಲುಗಳನ್ನು ಡಿಫ್ ‘ಬದಲಾಗಿದೆ’ ಎಂದು ತೋರಿಸಿ ಜನರನ್ನು ಕಂಗೆಡಿಸುತ್ತದೆ. ಕಮಿಟ್‌ಗೆ ಮೊದಲು ಪಠ್ಯವನ್ನು ಒಂದೇ ರೂಪಕ್ಕೆ ತರುವ ಸಣ್ಣ ಪ್ರೋಗ್ರಾಂ ಓಡಿಸುವುದೇ ಇದಕ್ಕೆ ಮದ್ದು.

ನುಡಿ, ಬರಹ ತಂತ್ರಾಂಶಗಳ ಹಳೆಯ ಎನ್‌ಕೋಡಿಂಗ್‌ನಲ್ಲಿರುವ ಪಠ್ಯವನ್ನಂತೂ ಗಿಟ್‌ನಲ್ಲಿ ಓದಲಿಕ್ಕೇ ಆಗುವುದಿಲ್ಲ. ಅದನ್ನು ಮೊದಲು ಯೂನಿಕೋಡ್‌ಗೆ ತರಬೇಕು. ಅದಕ್ಕೆಂದು ಅರವಿಂದ ವಿ.ಕೆ. ಅವರು ಬರೆದ ಪರಿವರ್ತಕ ಗಿಟ್‌ಹಬ್‌ನಲ್ಲೇ ಮುಕ್ತವಾಗಿ ಸಿಗುತ್ತದೆ. ಗದ್ಯ ತಿದ್ದುವವರು ಒಂದು ಸಾಲಿಗೆ ಒಂದು ವಾಕ್ಯದಂತೆ ಬರೆದು, ಡಿಫ್‌ಗೆ ‘ವರ್ಡ್ ಡಿಫ್’ ಆಯ್ಕೆ ಸೇರಿಸಿದರೆ ಬದಲಾದ ಪದ ಮಾತ್ರ ಎದ್ದು ಕಾಣುತ್ತದೆ.

ಜೇವರ್ಗಿಯ ವಚನ, ಗಿಟ್‌ನಲ್ಲಿನ ನಿಘಂಟು

ಗಿಟ್ ಎಂದರೆ ಕೋಡ್ ಮಾತ್ರ ಎಂದುಕೊಳ್ಳಬೇಕಿಲ್ಲ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕನ್ನಡ–ಇಂಗ್ಲಿಷ್ ನಿಘಂಟು ಕಟ್ಟಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು, ಎರಡು ಲಕ್ಷಕ್ಕೂ ಹೆಚ್ಚು ಅರ್ಥಗಳು. 2019ರಲ್ಲಿ ಕೈಲಾಶ್ ನಾಧ್ ಅವರ ನೆರವಿನಿಂದ ಅದು ‘ಅಲರ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಯಿತು. ಆ ಇಡೀ ನಿಘಂಟಿನ ದತ್ತಾಂಶ ಒಂದು ಸರಳ ಪಠ್ಯ ಕಡತವಾಗಿ ಗಿಟ್‌ಹಬ್‌ನಲ್ಲಿದೆ. ಆಳಂದದ ವಿದ್ಯಾರ್ಥಿಯೊಬ್ಬ ಅದನ್ನು ಇಂದೇ ಕ್ಲೋನ್ ಮಾಡಿಕೊಂಡು ಇಂಟರ್‌ನೆಟ್ ಇಲ್ಲದೆ ನಡೆಯುವ ನಿಘಂಟಿನ ಆ್ಯಪ್ ಬರೆಯಲು ಶುರು ಮಾಡಬಹುದು.

ವಚನಗಳ ಕಥೆಯೂ ಹತ್ತಿರದ್ದೇ. ಜೇವರ್ಗಿಯ ಷಣ್ಮುಖಸ್ವಾಮಿಗಳು 17ನೇ ಶತಮಾನದಲ್ಲಿ ‘ಅಖಂಡೇಶ್ವರ’ ಅಂಕಿತದಲ್ಲಿ ಏಳುನೂರಕ್ಕೂ ಹೆಚ್ಚು ವಚನ ಬರೆದವರು. ಅಬಲೂರಿನ ಶಾಸನದಲ್ಲಿ ಬರುವ ಶರಣ ಏಕಾಂತದ ರಾಮಯ್ಯ ಆಳಂದದವರು. ತಾಡೋಲೆಯಿಂದ ತಾಡೋಲೆಗೆ ನಕಲಾಗುತ್ತ ಬಂದ ವಚನಗಳಲ್ಲಿ ಪಾಠಾಂತರಗಳು ತುಂಬಿಕೊಂಡವು. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ಮುಂದೆ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು 15 ಭಾಗಗಳಲ್ಲಿ ಬಂದವು. ಈ ಪರಂಪರೆಯ ಸಂಪಾದಕರು ಅಡಿಟಿಪ್ಪಣಿಯಲ್ಲಿ ‘ಇಂಥ ಪ್ರತಿಯಲ್ಲಿ ಈ ಪದವಿದೆ, ಈ ಕಾರಣಕ್ಕೆ ಇದನ್ನು ಆರಿಸಿದೆ’ ಎಂದು ಬರೆಯುತ್ತಿದ್ದರಲ್ಲ, ಗಿಟ್ ಕೇಳುವ ಶಿಸ್ತೂ ಅಂಥದ್ದೇ. ಇಂದು ‘ವಚನ ಸಂಚಯ’ ತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಕೊಟ್ಟು ಹುಡುಕಬಹುದು. ಇಷ್ಟು ದೊಡ್ಡ ಪಠ್ಯರಾಶಿಯಲ್ಲಿ ಟೈಪಿಂಗ್ ತಪ್ಪು ತಿದ್ದುವ ಕೆಲಸ ಮುಗಿಯುವಂಥದ್ದಲ್ಲ. ಮುಂದಿನ ತಲೆಮಾರು ಆ ತಿದ್ದುಪಡಿಗಳನ್ನು ನಂಬಬೇಕಾದರೆ ಒಂದೊಂದಕ್ಕೂ ಹೆಸರು, ದಿನಾಂಕ, ಆಧಾರ ಇರಬೇಕು. ಜೇವರ್ಗಿಯ ಕನ್ನಡ ಎಂ.ಎ. ವಿದ್ಯಾರ್ಥಿಗೂ ಗಿಟ್ ಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕಾಲೇಜುಗಳು ಮಾಡಬೇಕಾದದ್ದು

2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ಕಲಬುರಗಿಯಲ್ಲಿ 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ, 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಕಲಿಸಬಲ್ಲವರು ದೂರದಲ್ಲಿಲ್ಲ. ರಜೆಯ ಎರಡು ವಾರ ಅವರ ವಿದ್ಯಾರ್ಥಿಗಳೇ ಮೂರು ತಾಲ್ಲೂಕಿನ ಪದವಿ ಕಾಲೇಜುಗಳಿಗೆ ಬಂದು ಗಿಟ್ ಕಲಿಸಿದರೂ ದೊಡ್ಡ ಕೆಲಸವಾಗುತ್ತದೆ.

ಅದಕ್ಕಿಂತ ಮುಖ್ಯವಾದ ಬದಲಾವಣೆ ಮೌಲ್ಯಮಾಪನದಲ್ಲಿ ಆಗಬೇಕು. ಕೊನೆಯ ವರ್ಷದ ಪ್ರಾಜೆಕ್ಟ್ ಎಂದರೆ ಬೈಂಡ್ ಮಾಡಿಸಿದ ಪುಸ್ತಕ, ಜೊತೆಗೊಂದು ಸಿ.ಡಿ. ಅಥವಾ ಪೆನ್‌ಡ್ರೈವ್ ಎಂಬ ರೂಢಿ ಅನೇಕ ಕಡೆ ಇದೆ. ಆ ಪುಸ್ತಕ ನೋಡಿ ಯಾರು ಎಷ್ಟು ಮಾಡಿದರು, ಕೆಲಸ ಆರು ತಿಂಗಳು ನಡೆಯಿತೋ ಒಂದು ರಾತ್ರಿ ಎಲ್ಲಿಂದಲೋ ತಂದಿಟ್ಟದ್ದೋ ಎಂದು ಹೇಳುವುದು ಕಷ್ಟ. ಅದರ ಬದಲು ರೆಪಾಸಿಟರಿಯನ್ನೇ ಕೇಳಿ. ‘ಗಿಟ್ ಲಾಗ್’ ಓದಿ. ಪ್ರತಿ ವಿದ್ಯಾರ್ಥಿಯ ಮುಂದೆ ಆಕೆಯದೇ ಒಂದು ಕಮಿಟ್ ತೆರೆದಿಟ್ಟು ‘ಇದನ್ನು ಏಕೆ ಬದಲಿಸಿದೆ?’ ಎಂದು ಕೇಳಿ. ಕೆಲಸ ಮಾಡಿದವಳಿಗೆ ಉತ್ತರ ಗೊತ್ತಿರುತ್ತದೆ.

ಇದರಿಂದ ಹೆಚ್ಚು ಲಾಭ ಆಗುವುದು ದೊಡ್ಡ ಕಾಲೇಜಿನ ಹೆಸರಿಲ್ಲದ ಮಕ್ಕಳಿಗೆ. ಬೆಂಗಳೂರಿನ, ಪುಣೆಯ ಸಂದರ್ಶನಕ್ಕೆ ಹೋದಾಗ ಊರು ಯಾವುದು, ಕಾಲೇಜು ಯಾವುದು ಎಂಬ ಪ್ರಶ್ನೆ ಅವರನ್ನು ಕುಗ್ಗಿಸುತ್ತದೆ. ಎರಡು ವರ್ಷ ತಾನು ಬರೆದದ್ದು, ತಪ್ಪಿದ್ದು, ತಿದ್ದಿಕೊಂಡದ್ದು, ಬೇರೆಯವರ ಯೋಜನೆಗೆ ಪಿ.ಆರ್. ಹಾಕಿ ಒಪ್ಪಿಸಿಕೊಂಡದ್ದು ಎಲ್ಲವೂ ದಿನಾಂಕ ಸಮೇತ ತೆರೆದಿದ್ದರೆ ಓದಲು ಬಲ್ಲವರು ಅದನ್ನೇ ಓದುತ್ತಾರೆ.

ಹಾಗಾಗಿ ಇದನ್ನು ಓದುತ್ತಿರುವ ವಿದ್ಯಾರ್ಥಿಗೆ ಒಂದು ಮಾತು. ಪಠ್ಯಕ್ರಮ ಬದಲಾಗುವುದನ್ನು ಕಾಯಬೇಡ. ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ಗಿಟ್ ಹಾಕಿಕೊ. ಈ ವಾರದ ಲ್ಯಾಬ್ ಪ್ರೋಗ್ರಾಂಗಳನ್ನು ಒಂದು ರೆಪಾಸಿಟರಿಯಲ್ಲಿ ಇಡು. ಪ್ರತಿ ತಿದ್ದುಪಡಿಗೂ ಕಾರಣವನ್ನು ಒಂದು ಪೂರ್ತಿ ವಾಕ್ಯದಲ್ಲಿ ಬರೆ, ಕನ್ನಡದಲ್ಲೇ ಬರೆ. ಪಕ್ಕದಲ್ಲಿ ಕೂತ ಗೆಳತಿಗೋ ಗೆಳೆಯನಿಗೋ ಕ್ಲೋನ್ ಮಾಡಿಕೊಂಡು ಓದಲು ಹೇಳು, ಅವರ ಕೋಡನ್ನು ನೀನು ಓದು. ಆಮೇಲೆ ಕನ್ನಡದ ಯಾವುದಾದರೂ ಮುಕ್ತ ಯೋಜನೆಯಲ್ಲಿ ಒಂದೇ ಒಂದು ತಪ್ಪು ಹುಡುಕಿ ತಿದ್ದಿ ಕಳುಹಿಸು. ಅದು ಸೇರಿದ ದಿನದಿಂದ ಆ ಸಾಲಿನ ಪಕ್ಕ ನಿನ್ನ ಹೆಸರಿರುತ್ತದೆ, ಅದನ್ನು ಏಕೆ ಬರೆದೆ ಎಂದು ಯಾರು ಕೇಳಿದರೂ ನಿನ್ನ ಬಳಿ ಉತ್ತರ ಇರುತ್ತದೆ.